ಮೊಬೈಲಿನಲ್ಲಿ ಹುಟ್ಟಿದ ಕತೆ, ಕವಿತೆ ಎಂ.ಎ. ಅಧ್ಯಯನಕ್ಕೆ ಒದಗುತ್ತವೆಯೇ? ಆಕರ ಯಾವುದು?

ಹೇಮಾವತಿ ದಂಡೆ, ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಪಾಠ ಹೇಳುವವಳು. ನನ್ನ ಬಳಿ ಕಿರುಪ್ರಬಂಧ ಬರೆಯುತ್ತಿರುವ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಹಾಸನ, ಚಿಕ್ಕಮಗಳೂರು ಭಾಗದಲ್ಲಿ ಈಗ ಬರೆಯುತ್ತಿರುವವರ ಫೇಸ್‌ಬುಕ್ ಬರಹ, ವಾಟ್ಸ್‌ಆ್ಯಪ್ ಕವಿತೆ, ಧ್ವನಿಮುದ್ರಿಸಿ ಹಂಚುವ ಕತೆ ಇವುಗಳನ್ನು ವಿಷಯವಾಗಿ ಆರಿಸಿಕೊಂಡಿದ್ದಾಳೆ. ವಿಷಯ ಮಂಡಿಸಿದ ದಿನ ಹಿರಿಯರೊಬ್ಬರು ಎರಡು ಪ್ರಶ್ನೆ ಹಾಕಿದರು. ಪುಸ್ತಕವಾಗದ್ದನ್ನು ಸಾಹಿತ್ಯ ಎನ್ನುವುದು ಹೇಗೆ? ಆಕರ ಎಲ್ಲಿದೆ, ನಾಳೆ ನಾನು ತೆರೆದು ನೋಡಿದರೆ ಅದೇ ಸಾಲು ಅಲ್ಲಿರುತ್ತದೆಯೇ? ಮೊದಲನೆಯದಕ್ಕೆ ಹುಡುಗಿ ಚೆನ್ನಾಗಿಯೇ ಉತ್ತರಿಸಿದಳು. ಎರಡನೆಯದಕ್ಕೆ ಅವಳೂ ಸುಮ್ಮನಾದಳು, ನಾನೂ ಸುಮ್ಮನಾದೆ.

ನಮ್ಮ ಪಠ್ಯಕ್ರಮದ ಸ್ಥಿತಿ ನಿಮಗೆ ಗೊತ್ತೇ ಇದೆ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂದು ಸಾಗಿ, 1979ರ ಬಂಡಾಯ ಸಮ್ಮೇಳನ ಮತ್ತು ಅದರ ಆಸುಪಾಸಿನ ಕೃತಿಗಳಿಗೆ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಅಲ್ಲಿಂದ ಈಚೆಗಿನದ್ದಕ್ಕೆಲ್ಲ ‘ಸಮಕಾಲೀನ’ ಎಂದು ಹೆಸರಿಟ್ಟು ಕೊನೆಯ ಘಟಕಕ್ಕೆ ತಳ್ಳಿ, ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯಿಸಿ ಕೈತೊಳೆದುಕೊಳ್ಳುತ್ತೇವೆ. ಹಾಗಾಗಿ ಹುಡುಗಿಯ ವಿಷಯ ನನಗೆ ಇಷ್ಟವಾಗಿದೆ, ಬಿಟ್ಟುಕೊಡುವ ಮನಸ್ಸಿಲ್ಲ. ಆಕರದ ಪ್ರಶ್ನೆಗೆ ಮಾತ್ರ ದಾರಿ ತೋರಿಸಿ.

ಹಳೇ ಮೇಷ್ಟ್ರು, ಬೇಲೂರು:

ಮೇಡಂ, ಪುಸ್ತಕವಾಗದ್ದು ಸಾಹಿತ್ಯವಲ್ಲ ಎಂದವರನ್ನು ಒಮ್ಮೆ ನಮ್ಮ ತಾಲ್ಲೂಕಿನ ಹಲ್ಮಿಡಿಗೆ ಕಳುಹಿಸಿಕೊಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನ ಸುಮಾರು 450ನೆಯ ಇಸವಿಯದು ಎಂದು ಎಣಿಸುತ್ತಾರೆ. ಅದು ಪುಸ್ತಕವಲ್ಲ, ಕಾವ್ಯವೂ ಅಲ್ಲ. ಯುದ್ಧದಲ್ಲಿ ಕಾದಿದವನಿಗೆ ಹಳ್ಳಿಗಳನ್ನು ಉಂಬಳಿ ಕೊಟ್ಟ ದಾಖಲೆ, ಹದಿನಾರು ಸಾಲು. ಆದರೂ ಕನ್ನಡ ಸಾಹಿತ್ಯ ಚರಿತ್ರೆಯ ಯಾವ ಪಾಠವೂ ಅದನ್ನು ದಾಟಿ ಮುಂದೆ ಹೋಗುವುದಿಲ್ಲ. ಬರಹ ಯಾವುದರ ಮೇಲಿದೆ ಎಂಬುದರಿಂದ ಅದರ ಯೋಗ್ಯತೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಈ ಮಾತು ಎರಡೂ ಕಡೆಗೆ ಸಲ್ಲುತ್ತದೆ ಎಂಬುದನ್ನು ಹುಡುಗಿಗೂ ಹೇಳಿ. ಮೊಬೈಲಿನಲ್ಲಿ ಬಂದ ಮಾತ್ರಕ್ಕೆ ಹೊಸದಾಗುವುದಿಲ್ಲ. ನನ್ನ ಮೊಬೈಲಿಗೆ ಬೆಳಗಾದರೆ ಬರುವ ಶುಭೋದಯದ ಪದ್ಯಗಳಿಗೆ ನನ್ನಜ್ಜಿಯ ವಯಸ್ಸಾಗಿದೆ.

ಮಳೆಲೆಕ್ಕ, ಮೂಡಿಗೆರೆ:

ನಾನು ಕನ್ನಡ ಮೇಷ್ಟ್ರಲ್ಲ, ಕಾಫಿ ಬೆಳೆಯುವವನು. ಆದರೂ ಒಂದು ಬರಹದ ಜಾತಿಯನ್ನು ನಿಮ್ಮ ಪಟ್ಟಿಗೆ ಸೇರಿಸಬೇಕು ಎನ್ನಿಸಿತು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಊರೂರಿಗೂ ಆನೆ ಗುಂಪುಗಳಿವೆ. ಕಾಡಿನ ಆನೆ ಗುಂಪಲ್ಲ, ವಾಟ್ಸ್‌ಆ್ಯಪ್ ಗುಂಪು. ಅದರಲ್ಲಿ ಬರುವ ಸಂದೇಶಗಳು ಹೀಗಿರುತ್ತವೆ: ‘ಒಂಟಿ ಸಲಗ ಹಳ್ಳ ದಾಟಿ ಮೇಲಿನ ತೋಟಕ್ಕೆ ಬಂದಿದೆ. ಕಿವಿ ಬೀಸುತ್ತಿಲ್ಲ. ಕೂಲಿಯವರನ್ನು ಇಳಿಸಬೇಡಿ. ಶಾಲೆ ಮಕ್ಕಳು ಅಂಗಡಿ ಹತ್ತಿರವೇ ನಿಲ್ಲಲಿ.’ ಒಂದು ಪದ ಹೆಚ್ಚಿಲ್ಲ. ‘ಕಿವಿ ಬೀಸುತ್ತಿಲ್ಲ’ ಎಂಬಲ್ಲಿ ಓದುವವನ ಎದೆ ನಿಲ್ಲುತ್ತದೆ, ಏಕೆಂದರೆ ಅದು ನಿಂತು ಗಮನಿಸುತ್ತಿದೆ ಎಂದು ನಮಗೆ ಗೊತ್ತು. ಆನೆಗಳಿಗೆ ಭೀಮ, ಬೀಟಮ್ಮ ಎಂದು ಹೆಸರಿಟ್ಟು, ಅವುಗಳ ಸ್ವಭಾವ, ಹಳೆಯ ಜಗಳ, ಮರಿಯ ಸುದ್ದಿ ಎಲ್ಲವನ್ನೂ ಸೇರಿಸಿದರೆ ವರ್ಷಗಟ್ಟಲೆ ಬೆಳೆದ ಒಂದು ಕಥನ ಅಲ್ಲಿದೆ. ಬರೆದವರಲ್ಲಿ ಯಾರೂ ತಾವು ಸಾಹಿತಿ ಎಂದುಕೊಂಡಿಲ್ಲ. ಇದನ್ನು ಅಧ್ಯಯನ ಮಾಡುವವರು ಯಾರು?

ಕಲ್ಲತ್ತಿಗಿರಿ, ತರೀಕೆರೆ:

ಮಳೆಲೆಕ್ಕ ಅವರೇ, ಸಂದೇಶ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಸುದ್ದಿ. ಚೆನ್ನಾಗಿ ಬರೆದ ಸುದ್ದಿ ಸುದ್ದಿಯೇ. ನಿಮ್ಮ ಊರಿನಲ್ಲೇ ಇದ್ದ ತೇಜಸ್ವಿಯವರು ಹಕ್ಕಿ, ಹುಳ, ಕೂಲಿ, ಕಾಡು ಎಲ್ಲವನ್ನೂ ಬರಹಕ್ಕೆ ತಂದರು. ಆದರೆ ಕಂಡದ್ದನ್ನು ಕಂಡ ಹಾಗೆ ಗೀಚಿ ‘ಕರ್ವಾಲೊ’ ಆಗಲಿಲ್ಲ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ಜಾಡನ್ನು ಬಿಡುತ್ತಿರುವುದಾಗಿ ಅವರು ಹೇಳಿದಾಗ ಅದರ ಹಿಂದೆ ಯೋಚನೆಯಿತ್ತು, ಆಯ್ಕೆಯಿತ್ತು. ಹೊಸ ರೂಪ ಎಂದರೆ ಬರೆಯುವವನು ತಿಳಿದು ಒಡೆದು ಕಟ್ಟಿದ ರೂಪ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಓದಲು ತಿಣುಕಿದವರು ಎಷ್ಟು ಜನ! ಆಮೇಲೆ ಎಲ್. ಬಸವರಾಜು ಅವರು ಅದೇ ಗದ್ಯವನ್ನು ಪದ್ಯದ ಸಾಲುಗಳಾಗಿ ಮುರಿದು ಜೋಡಿಸಿ ತೋರಿಸಿದರು. ಹೊಸ ಬರವಣಿಗೆಯ ಅಧ್ಯಯನ ಎಂದರೆ ಅಂಥದ್ದು. ಫೇಸ್‌ಬುಕ್ಕಿನಲ್ಲಿ ಅತ್ತೆ ಮನೆಯ ಹಲಸಿನ ಹಪ್ಪಳ ನೆನೆದು ಅಳುವುದನ್ನೆಲ್ಲ ಪ್ರಬಂಧಕ್ಕೆ ತಂದರೆ ಎಂ.ಎ. ಪದವಿಯ ಗತಿ ಏನು?

ಯಗಚಿ, ಚಿಕ್ಕಮಗಳೂರು:

ಹಲಸಿನ ಹಪ್ಪಳವನ್ನು ಅಷ್ಟು ಹಗುರವಾಗಿ ತಳ್ಳಬೇಡಿ ಸರ್. ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಬರೆದಾಗ ಅದರಲ್ಲೂ ಇದ್ದದ್ದು ಹೇಮಾವತಿ ತೀರದ ಜನ, ಊಟ, ಜಗಳ, ನಗು. ಇಂದಿನ ಫೇಸ್‌ಬುಕ್ ನೆನಪುಗಳಲ್ಲಿ ಅರ್ಧದಷ್ಟು ಆ ವಂಶದವು. ಕೆಟ್ಟ ಮೊಮ್ಮಕ್ಕಳೂ ಇದ್ದಾರೆ, ಒಳ್ಳೆಯವರೂ ಇದ್ದಾರೆ. ಯಾರು ಯಾರೆಂದು ಬೇರ್ಪಡಿಸುವುದೇ ವಿಮರ್ಶೆಯ ಕೆಲಸ. ಓದದೆ ಬೇರ್ಪಡಿಸುವುದು ಹೇಗೆ?

ನನ್ನ ಬೇಸರ ಬೇರೆ. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ, ಸಮಕಾಲೀನ ಸಾಹಿತ್ಯ ಎಂದರೆ ಎಲ್ಲರೂ ಬಾನು ಮುಷ್ತಾಕ್ ಎನ್ನುತ್ತಾರೆ. ಹೆಮ್ಮೆ ನನಗೂ ಇದೆ, ಹಾಸನದವರಿಗಂತೂ ಕೇಳುವುದೇ ಬೇಡ. ಆದರೆ ಆ ಪುಸ್ತಕದಲ್ಲಿರುವ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ದೀಪಾ ಭಾಸ್ತಿಯವರು ಬೇರೆ ಬೇರೆ ಸಂಕಲನಗಳಿಂದ ಆರಿಸಿ ಇಂಗ್ಲಿಷಿಗೆ ತಂದರು. ಬಹುಮಾನದ ಐವತ್ತು ಸಾವಿರ ಪೌಂಡನ್ನು ಲೇಖಕಿಗೂ ಅನುವಾದಕಿಗೂ ಸಮವಾಗಿ ಹಂಚುತ್ತಾರೆ, ಅಂದರೆ ಗೆದ್ದದ್ದು ಇಬ್ಬರೂ ಸೇರಿ ಮಾಡಿದ ಪುಸ್ತಕ. ನಮ್ಮಲ್ಲಿ ಆಗುತ್ತಿರುವುದೇನು? ಉಪನ್ಯಾಸಗಳಲ್ಲಿ ಇಂಗ್ಲಿಷ್ ಪುಸ್ತಕದ ಬೆನ್ನುಡಿಯನ್ನು ಕನ್ನಡದಲ್ಲಿ ಒಪ್ಪಿಸುತ್ತಾರೆ. ಯಾವ ಕತೆ ಯಾವ ವರ್ಷ ಎಲ್ಲಿ ಮೊದಲು ಅಚ್ಚಾಯಿತು, ಬಂಡಾಯದ ಬಿಸಿಯಿದ್ದ ದಿನಗಳಲ್ಲಿ ಬರೆದದ್ದು ಯಾವುದು, ಇತ್ತೀಚಿನದು ಯಾವುದು, ಇಷ್ಟು ವರ್ಷಗಳಲ್ಲಿ ಅವರ ವಾಕ್ಯ ಹೇಗೆ ಬದಲಾಯಿತು ಎಂದು ಯಾರೂ ಕೇಳುವುದಿಲ್ಲ. ಬಹುಮಾನ ಬಂದ ವರ್ಷವನ್ನೇ ಕತೆಗಳ ವರ್ಷವೆಂದು ಓದುತ್ತಿದ್ದೇವೆ.

ಡಿಟಿಪಿ ಅಂಗಡಿ, ಹಾಸನ:

ಎಲ್ಲರೂ ದೊಡ್ಡ ಮಾತಾಡುತ್ತಿದ್ದೀರಿ, ನಾನು ಅಕ್ಷರ ಜೋಡಿಸುವವನು. ಆಕರದ ಕಷ್ಟ ಫೇಸ್‌ಬುಕ್ಕಿನದು ಮಾತ್ರವಲ್ಲ. 1998ರಲ್ಲಿ ಕನ್ನಡ ಟೈಪಿಸುವ ‘ಬರಹ’ ತಂತ್ರಾಂಶ ಬಂತು, ಆಮೇಲೆ ಗಣಕ ಪರಿಷತ್ತಿನ ‘ನುಡಿ’ ಬಂತು. ಆ ಕಾಲದಲ್ಲಿ ನಮ್ಮಂಥವರು ಜೋಡಿಸಿದ ಕತೆ, ಕವಿತೆಗಳ ಕಡತ ಈಗಲೂ ನನ್ನ ಹಳೆಯ ಡಿಸ್ಕಿನಲ್ಲಿವೆ. ತೆರೆದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬರುತ್ತದೆ. ಅವು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿಲ್ಲ, ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡ. ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ಎಡವುತ್ತವೆ. ಸಣ್ಣ ಪತ್ರಿಕೆಯ ಹಳೆಯ ಸಂಚಿಕೆ ಮುದ್ರಿತ ಪ್ರತಿ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಆ ಬರಹ ಹೋದ ಹಾಗೆಯೇ. ಜನ ತಾಳೆಗರಿ ಹಾಳಾಯಿತೆಂದು ಮರುಗುತ್ತಾರೆ. ತೊಂಬತ್ತರ ದಶಕದ ಕಡತ ಹಾಳಾಗುತ್ತಿರುವುದು ಯಾರಿಗೂ ಕಾಣುವುದಿಲ್ಲ.

ಇನ್ನೊಂದು. ಯೂನಿಕೋಡಿನಲ್ಲೂ ಹುಡುಕಿದ್ದೆಲ್ಲ ಸಿಗುವುದಿಲ್ಲ. ‘ಕತೆ’ ಎಂದು ಹುಡುಕಿದರೆ ‘ಕಥೆ’ ಬರುವುದಿಲ್ಲ. ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಿ ಒತ್ತಕ್ಷರ ಬಿಡಿಸಿರುತ್ತಾರೆ. ಎರಡು ಪದ ಓದಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಈಗ ಮದುವೆ ಕರೆಯೋಲೆಗೆ ಪದ್ಯವನ್ನು ಯಂತ್ರದಿಂದ ಬರೆಸಿ ತರುವವರೂ ಇದ್ದಾರೆ. ಪ್ರಾಸ ಪಕ್ಕಾ ಇರುತ್ತದೆ, ಅರ್ಥ ಕೇಳಬಾರದು.

ಅರಸೀಕೆರೆ ಪ್ಯಾಸೆಂಜರ್:

ಆ ವಿದ್ಯಾರ್ಥಿನಿ ನಾನೇ. ಮೇಡಂ ಅನುಮತಿ ಕೇಳಿ ಬರೆಯುತ್ತಿದ್ದೇನೆ. ಮಾಹಿತಿ ಸೇರಿಸುವಾಗ ನನಗೆ ಎದುರಾದದ್ದು ಇದು. ರಾಗಿ ಹೊಲದ ಬಗ್ಗೆ ಒಂದು ಕವಿತೆ ಬೇರೆ ಬೇರೆ ಗುಂಪುಗಳಿಂದ ನನಗೆ ಬಂತು. ಒಂದರಲ್ಲಿ ಕೊನೆಯ ಎರಡು ಸಾಲು ಇಲ್ಲ. ಇನ್ನೊಂದರಲ್ಲಿ ರಾಗಿ ಹೋಗಿ ಭತ್ತ ಆಗಿದೆ. ಮತ್ತೊಂದರ ಕೆಳಗೆ ‘ಕುವೆಂಪು’ ಎಂದಿದೆ. ಬರೆದವರು ಯಾರೆಂದು ಹುಡುಕುತ್ತಾ ಹೋದರೆ ಕಡೂರು ಕಡೆಯ ಒಬ್ಬ ಗೃಹಿಣಿ ಸಿಕ್ಕರು. ಅವರು ತಮ್ಮ ಮೂಲ ಎಂದು ಕಳುಹಿಸಿದ್ದು ಈ ಯಾವುದೂ ಅಲ್ಲ, ಏಕೆಂದರೆ ಅವರೇ ಆಮೇಲೆ ತಿದ್ದಿದ್ದಾರೆ. ನಾನು ಪ್ರಬಂಧದಲ್ಲಿ ಯಾವುದನ್ನು ಉದ್ಧರಿಸಲಿ? ವಿಮರ್ಶೆಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ.

ಹಳೇ ಮೇಷ್ಟ್ರು, ಬೇಲೂರು:

ಮಗಳೇ, ನೀನು ತಪ್ಪು ಕಪಾಟಿನಲ್ಲಿ ಹುಡುಕುತ್ತಿದ್ದೀಯ. ವಿಮರ್ಶೆಯ ಕಪಾಟು ಮುಚ್ಚು, ಪಕ್ಕದ್ದನ್ನು ತೆಗೆ. ಅಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’, ಅಂದರೆ ಹಳೆಯ ಓಲೆಪ್ರತಿಗಳನ್ನು ಹೋಲಿಸಿ ಮೂಲ ಪಾಠ ಗುರುತಿಸುವ ಶಾಸ್ತ್ರದ ಪುಸ್ತಕ, ಧೂಳು ಹಿಡಿದು ಕುಳಿತಿರುತ್ತದೆ. ಎಂ.ಎ. ಹುಡುಗರು ಅದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆಯುತ್ತಾರೆ, ಓಲೆಗರಿಯ ಕಾಲ ಮುಗಿಯಿತಲ್ಲ ಎಂದು. ನಿನ್ನ ಕೈಗೆ ಬಂದಿರುವುದು ಅದೇ ಕಾಲ.

ನೀನು ಹೇಳಿದ ಪ್ರತಿಯೊಂದಕ್ಕೂ ಆ ಶಾಸ್ತ್ರದಲ್ಲಿ ಹೆಸರಿದೆ. ಕೊನೆಯ ಎರಡು ಸಾಲು ಬಿಟ್ಟುಹೋದದ್ದು ಲೋಪ. ರಾಗಿ ಭತ್ತವಾದದ್ದು ಪಾಠಾಂತರ. ಭತ್ತದ ಸೀಮೆಯ ಯಾರೋ ತಮಗೆ ಒಗ್ಗುವಂತೆ ಬದಲಿಸಿಕೊಂಡಿದ್ದಾರೆ. ಹಳೆಯ ಲಿಪಿಕಾರರೂ ತಮಗೆ ತಿಳಿಯದ ಶಬ್ದ ಬಂದಾಗ ತಿಳಿದ ಶಬ್ದ ಹಾಕುತ್ತಿದ್ದರು. ಅದಕ್ಕಾಗಿಯೇ ಎರಡು ಪಾಠಗಳು ಎದುರಾದಾಗ ಕಷ್ಟದ್ದು ಮೂಲಕ್ಕೆ ಹತ್ತಿರ, ಸುಲಭದ್ದು ಆಮೇಲಿನ ತಿದ್ದುಪಡಿ ಇರಬಹುದು ಎಂಬ ನಿಯಮವಿದೆ. ಯಾರೋ ನಡುವೆ ಸೇರಿಸಿದ್ದರೆ ಪ್ರಕ್ಷಿಪ್ತ. ಕೆಳಗೆ ಕುವೆಂಪು ಹೆಸರು ಬಿದ್ದದ್ದಕ್ಕೂ ಪೂರ್ವನಿದರ್ಶನ ಬೇಕಾದಷ್ಟಿದೆ. ವಚನಗಳಲ್ಲೂ ಕೀರ್ತನೆಗಳಲ್ಲೂ ಅಂಕಿತ ಇದ್ದರೂ ಒಬ್ಬರದು ಇನ್ನೊಬ್ಬರ ಹೆಸರಿಗೆ ಹೋದದ್ದುಂಟು. ಅಂಕಿತವೇ ಇಲ್ಲದ ನಿನ್ನ ಗೃಹಿಣಿಯ ಕವಿತೆಗೆ ದೊಡ್ಡ ಹೆಸರು ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನು? ಕುವೆಂಪು ನಿಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರು, ಈ ಭಾಗದ ಜನ ಪ್ರೀತಿಯಿಂದ ಎಲ್ಲವನ್ನೂ ಅವರ ಮಡಿಲಿಗೆ ಹಾಕುತ್ತಾರೆ. ತೇಜಸ್ವಿಯವರ ಪಾಡಂತೂ ಇನ್ನೂ ಕಷ್ಟ, ಹಸಿರು ಚಿತ್ರದ ಮೇಲೆ ಯಾರು ಏನು ಬರೆದರೂ ಕೆಳಗೆ ಅವರ ಹೆಸರು.

ಲೇಖಕಿಯೇ ಆಮೇಲೆ ತಿದ್ದಿದ್ದಾರೆ ಎಂದೆಯಲ್ಲ, ಅದು ಓಲೆಗರಿಯವರಿಗೆ ಸಿಗದ ಭಾಗ್ಯ. ಡಿ.ಎಲ್.ಎನ್. ಅವರು ಪಂಪನನ್ನು ಕೇಳಲು ಆಗುತ್ತಿತ್ತೇ? ನೀನು ಫೋನ್ ಮಾಡಿ ಕೇಳಬಹುದು. ಹಾಗಾಗಿ ಒಂದು ಶುದ್ಧ ಮೂಲವನ್ನು ಕಟ್ಟಲು ಹೊರಡಬೇಡ. ಎಲ್ಲ ಪ್ರತಿಗಳನ್ನೂ ಇಟ್ಟುಕೋ. ಯಾವುದು ಯಾವ ದಿನ, ಯಾವ ಗುಂಪಿನಿಂದ ಬಂತು ಎಂದು ಬರೆದಿಡು. ವಾಟ್ಸ್‌ಆ್ಯಪ್ ಗುಂಪಿನ ಮಾತುಕತೆಯನ್ನು ಕಡತವಾಗಿ ಇಳಿಸಿಕೊಂಡರೆ ದಿನಾಂಕ, ವೇಳೆ, ಕಳುಹಿಸಿದವರ ಹೆಸರು ಎಲ್ಲವೂ ಬರುತ್ತದೆ ಎಂದು ನನ್ನ ಮೊಮ್ಮಗ ತೋರಿಸಿದ. ಫೇಸ್‌ಬುಕ್ ಬರಹ ತಿದ್ದಿದ್ದರೆ ಹಿಂದಿನ ರೂಪಗಳನ್ನೂ ಅಲ್ಲೇ ನೋಡಬಹುದಂತೆ. ಇಷ್ಟು ಸೌಲಭ್ಯವನ್ನು ನಾವು ಕನಸಿನಲ್ಲೂ ಕಂಡಿರಲಿಲ್ಲ.

ಇನ್ನು ಈ ವೇದಿಕೆಯಲ್ಲಿ ನಾವು ಒಬ್ಬರ ಮಾತಿಗೆ ಒಬ್ಬರು ಎದುರು ಬರೆಯುತ್ತಿದ್ದೇವಲ್ಲ, ಇದೂ ಹೊಸದೇನಲ್ಲ. ಶರಣರು ಬೇರೆ ಬೇರೆಯಾಗಿ ಹೇಳಿದ ವಚನಗಳನ್ನು ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ ಸಂವಾದವಾಗಿ ಜೋಡಿಸಿತು. ಅಲ್ಲಮನಿಗೆ ಎದುರು ನಿಂತು ಉತ್ತರಿಸಿದಂತೆ ಅಕ್ಕನ ವಚನ ಬರುತ್ತದೆ. ಕಲ್ಲತ್ತಿಗಿರಿಯವರನ್ನು ಅಲ್ಲಮ ಎನ್ನಲಾರೆ, ಆದರೆ ಗದರಿಸುವ ಶೈಲಿ ಸ್ವಲ್ಪ ಬಂದಿದೆ.

ಕಲ್ಲತ್ತಿಗಿರಿ, ತರೀಕೆರೆ:

ಮೇಷ್ಟ್ರೇ, ಅಲ್ಲಮನ ಹೋಲಿಕೆಗೆ ಕೈಮುಗಿದೆ. ಆದರೆ ಗ್ರಂಥ ಸಂಪಾದನೆ ನಡೆದದ್ದು ಪಂಪ, ರನ್ನ, ಜನ್ನರಿಗೆ. ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಜನ ತಲೆಮಾರುಗಟ್ಟಲೆ ನಕಲು ಮಾಡಿಕೊಂಡು ಓದಿದರು, ಆದ್ದರಿಂದ ಪಾಠಾಂತರ ನೋಡುವುದಕ್ಕೆ ಅರ್ಥವಿತ್ತು. ರಾಗಿ ಹೊಲದ ಕವಿತೆ ಅಷ್ಟು ದುಡಿಮೆಗೆ ಯೋಗ್ಯವೇ? ಮೊದಲು ಆ ಪ್ರಶ್ನೆ ಕೇಳಬೇಕಲ್ಲವೇ? ಎಲ್ಲವನ್ನೂ ಕೂಡಿಡುವುದು ಗುಮಾಸ್ತನ ಕೆಲಸ.

ಯಗಚಿ, ಚಿಕ್ಕಮಗಳೂರು:

ಲಕ್ಷ್ಮೀಶ ಯೋಗ್ಯ ಎಂದು ತೀರ್ಮಾನಿಸಿದವರು ನಕಲು ಮಾಡಿದ ಜನರೇ ಅಲ್ಲವೇ? ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನದ ಓಲೆಗಳನ್ನು ಕೂಡಿಸುತ್ತಿದ್ದಾಗ ಅವರನ್ನೂ ಯಾರಾದರೂ ಗುಮಾಸ್ತ ಎಂದಿರಬಹುದು. 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಗದಿದ್ದರೆ ನಾವು ಇಂದು ಇಷ್ಟು ಧೈರ್ಯದಿಂದ ಅಲ್ಲಮ, ಅಕ್ಕ ಎನ್ನುತ್ತಿದ್ದೆವೇ? ಕೂಡಿಸುವ ಕೆಲಸ ಮೊದಲು, ತೂಗುವ ಕೆಲಸ ಆಮೇಲೆ. ಆ ಎರಡನೆಯ ಕೆಲಸ ಬೇಡ ಎಂದು ಇಲ್ಲಿ ಯಾರೂ ಹೇಳಿಲ್ಲ.

ಮೇಷ್ಟ್ರು ಹೇಳಿದ ಕ್ರಮ ನಾನು ಎತ್ತಿದ ವಿಷಯಕ್ಕೂ ಸಲ್ಲುತ್ತದೆ. ‘ಹಾರ್ಟ್ ಲ್ಯಾಂಪ್’ ಓದುವ ವಿದ್ಯಾರ್ಥಿ ಪ್ರತಿ ಕತೆಯ ಕನ್ನಡ ರೂಪವನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲ ಪ್ರಕಟಣೆಯ ವರ್ಷ ಗುರುತಿಸಿ ಓದಬೇಕು. ದೀಪಾ ಅವರು ಅಡಿಟಿಪ್ಪಣಿ ಹಾಕಲಿಲ್ಲ, ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲಿಲ್ಲ. ಇಂಗ್ಲಿಷ್ ಓದುಗ ಸ್ವಲ್ಪ ತಡಕಾಡಲಿ ಎಂದು ಬಿಟ್ಟರು. ನಾವು ಮಾತ್ರ ತಡಕಾಡದೆ ಓದಿ ಮುಗಿಸುತ್ತಿದ್ದೇವೆ.

ಅರಸೀಕೆರೆ ಪ್ಯಾಸೆಂಜರ್:

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ಆದರೆ ಒಂದು ತೊಡಕು ಓಲೆಗರಿಯವರಿಗೆ ಇರಲಿಲ್ಲ. ನಾನು ನೋಡಿದ ಒಳ್ಳೆಯ ಬರಹಗಳಲ್ಲಿ ಹಲವು ಮುಚ್ಚಿದ ಗುಂಪಿನವು. ಬರೆಯುವವರು ಹೆಂಗಸರು, ಹೆಚ್ಚಿನವರು ಬೇರೆ ಹೆಸರಿನಲ್ಲಿ ಬರೆಯುತ್ತಾರೆ. ಗಂಡನ ಮನೆಯ ಬಗ್ಗೆ, ತವರಿನ ಆಸ್ತಿಯ ಬಗ್ಗೆ, ಗರ್ಭ ಕಳೆದುಕೊಂಡ ಬಗ್ಗೆ ಬರೆದಿದ್ದಾರೆ. ಒಬ್ಬರ ಗದ್ಯ ಎಷ್ಟು ಬಿಗಿಯಾಗಿದೆ ಎಂದರೆ ಅದನ್ನು ಓದಿದ ದಿನ ನನಗೆ ಬೇರೆ ಏನನ್ನೂ ಓದಲಾಗಲಿಲ್ಲ. ಅದು ಪ್ರಬಂಧಕ್ಕೆ ಬಂದರೆ ಊರಿನಲ್ಲಿ ಗುರುತು ಹಿಡಿಯುವುದು ಕಷ್ಟವೇನಲ್ಲ. ಗುಂಪಿನ ಅಡ್ಮಿನ್ ಅಕ್ಕ ‘ಬಳಸಿಕೋ’ ಎಂದಿದ್ದಾರೆ. ಅಷ್ಟು ಸಾಕೇ?

ಹೇಮಾವತಿ ದಂಡೆ, ಹಾಸನ:

ಸಾಲದು. ಇದನ್ನು ನಿನಗೆ ಎದುರಿಗೂ ಹೇಳಿದ್ದೇನೆ, ಇಲ್ಲಿ ಎಲ್ಲರ ಮುಂದೆಯೂ ಹೇಳುತ್ತೇನೆ. ಗುಂಪು ನಡೆಸುವವರು ಬರಹದ ಒಡೆಯರಲ್ಲ. ಬರೆದವರನ್ನೇ ಕೇಳಬೇಕು, ಯಾವ ಸಾಲು ಬಳಸುತ್ತೇವೆ ಎಂದು ತೋರಿಸಬೇಕು, ಬೇಡ ಎಂದರೆ ಬಿಡಬೇಕು. ಆ ಬಿಗಿಯಾದ ಗದ್ಯದವರು ಒಪ್ಪದಿದ್ದರೆ ಪ್ರಬಂಧ ಬಡವಾಗುತ್ತದೆ, ಆಗಲಿ. ಪರದೆಯ ಚಿತ್ರ ತೆಗೆದು ಅನುಬಂಧದಲ್ಲಿ ಅಂಟಿಸುವುದು ಬೇಡವೇ ಬೇಡ, ಅದರಲ್ಲಿ ಪಕ್ಕದವರ ಹೆಸರು, ಚಿತ್ರ, ಸಂಖ್ಯೆ ಎಲ್ಲ ಇರುತ್ತದೆ.

ಮಳೆಲೆಕ್ಕ, ಮೂಡಿಗೆರೆ:

ಆನೆ ಗುಂಪಿನವರನ್ನು ಕೇಳಿದೆ. ಭೀಮ, ಬೀಟಮ್ಮರ ಒಪ್ಪಿಗೆ ಬೇಕಿಲ್ಲವಷ್ಟೇ ಎಂದು ಒಬ್ಬರು ನಕ್ಕರು. ತೋಟದ ಹೆಸರು, ಫೋನ್ ಸಂಖ್ಯೆ ತೆಗೆದು ಕೊಡುವುದಾದರೆ ಹಳೆಯ ಸಂದೇಶಗಳನ್ನು ಕೊಡಲು ಅಡ್ಡಿಯಿಲ್ಲ ಎಂದಿದ್ದಾರೆ, ಆದರೆ ಮೇಡಂ ಹೇಳಿದ ಹಾಗೆ ಬರೆದವರನ್ನು ಒಬ್ಬೊಬ್ಬರಾಗಿ ಕೇಳುತ್ತೇನೆ. ನಮ್ಮ ತಂದೆಯ ಕಾಲದಿಂದ ಮಳೆ ಇಂಚು ಬರೆದಿಟ್ಟ ಪುಸ್ತಕಗಳೂ ಇವೆ. ಅಂಚಿನಲ್ಲಿ ಅವರು ಗೀಚಿದ ಟಿಪ್ಪಣಿಗಳನ್ನು ಓದಿದರೆ ಕಲ್ಲತ್ತಿಗಿರಿಯವರೂ ಸುದ್ದಿ ಎನ್ನಲಾರರು.

ಕಲ್ಲತ್ತಿಗಿರಿ, ತರೀಕೆರೆ:

ತನ್ನಿ, ಓದಿಯೇ ಹೇಳುತ್ತೇನೆ. ಸಾಹಿತ್ಯ ಎನ್ನಿಸಿದರೆ ಬಾಯಿಬಿಟ್ಟು ಒಪ್ಪುತ್ತೇನೆ, ಇಲ್ಲದಿದ್ದರೆ ಅದನ್ನೂ ಬರೆಯುತ್ತೇನೆ. ತಂಗಿ, ಪ್ರಬಂಧದ ಹೆಸರಿನಲ್ಲಿ ‘ಹೊಸ ಬರವಣಿಗೆ’ ಎಂಬುದನ್ನು ತೆಗೆದುಬಿಡು. ಹೊಸದು ಹೌದೋ ಅಲ್ಲವೋ ಎಂಬುದು ಕೊನೆಯ ಅಧ್ಯಾಯದಲ್ಲಿ ತೀರ್ಮಾನವಾಗಲಿ.

ಅರಸೀಕೆರೆ ಪ್ಯಾಸೆಂಜರ್:

ಸರ್, ಹೆಸರನ್ನು ‘ಮೊಬೈಲ್ ಬರಹಗಳ ಪಾಠಾಂತರ: ಆಯ್ದ ಕವಿತೆ, ಗದ್ಯಗಳ ಅಧ್ಯಯನ’ ಎಂದು ಬದಲಿಸಿ ಮೇಡಂಗೆ ಕೊಟ್ಟಿದ್ದೇನೆ. ಎರಡು ಜಿಲ್ಲೆಯನ್ನೂ ಹಿಡಿಯಲಾಗುವುದಿಲ್ಲ, ಒಪ್ಪಿಗೆ ಕೊಟ್ಟ ಕೆಲವೇ ಬರಹಗಾರರನ್ನು ಇಟ್ಟುಕೊಳ್ಳುತ್ತೇನೆ. ಕಡೂರಿನ ಅಮ್ಮ ಒಪ್ಪಿದ್ದಾರೆ. ಭತ್ತದ ಪಾಠ ಯಾರು ಮಾಡಿದರೆಂದು ಅವರಿಗೂ ಕುತೂಹಲವಂತೆ, ಸಿಕ್ಕರೆ ತಿಳಿಸು ಎಂದರು. ಅವರ ಹಳೆಯ ಕವಿತೆಗಳು ಒಂದು ಸ್ಮರಣ ಸಂಚಿಕೆಯಲ್ಲಿ ಬಂದಿದ್ದವು, ಅದರ ನುಡಿ ಕಡತ ಮಾತ್ರ ಉಳಿದಿದೆ. ಡಿಟಿಪಿ ಅಣ್ಣ, ತೆರೆದು ಕೊಡುತ್ತೀರಾ?

ಡಿಟಿಪಿ ಅಂಗಡಿ, ಹಾಸನ:

ಬಾ ತಂಗಿ. ಕಡತದ ಜೊತೆಗೆ ಆ ಕಂಪ್ಯೂಟರಿನಲ್ಲಿ ಫಾಂಟ್ ಉಳಿದಿದ್ದರೆ ಅದನ್ನೂ ನಕಲು ಮಾಡಿಕೊಂಡು ಬಾ. ಮುದ್ರಿತ ಸಂಚಿಕೆ ಯಾರ ಮನೆಯಲ್ಲಾದರೂ ಸಿಕ್ಕರೆ ಇನ್ನೂ ಒಳ್ಳೆಯದು, ಪರಿವರ್ತಿಸಿದ ಮೇಲೆ ಸಾಲು ಸಾಲಾಗಿ ಕೂತು ಹೋಲಿಸಬೇಕಾಗುತ್ತದೆ. ಮದುವೆ ಸುಗ್ಗಿ ಶುರುವಾಗುವ ಮೊದಲೇ ಬಾ, ಆಮೇಲೆ ಕರೆಯೋಲೆಗಳ ನಡುವೆ ನನಗೆ ತಲೆ ಎತ್ತಲು ಆಗುವುದಿಲ್ಲ.